ಹುರುಳಿಯ ಮೇಲೆ ಹಿಮದ ಟೈರು

ಸೈಕಲ್ಲಿನಿಂದ ಬಿದ್ದವನು ಮೊದಲು ಮೊಣಕಾಲು ನೋಡಿಕೊಳ್ಳುತ್ತಾನೆ ಎಂದು ನೀವು ತಿಳಿದಿದ್ದರೆ, ನೀವು ಈಚೆಗೆ ಬಿದ್ದಿಲ್ಲ ಎಂದರ್ಥ. ಅವನು ಮೊದಲು ನೋಡುವುದು ಸುತ್ತಮುತ್ತ, ಯಾರಾದರೂ ಕಂಡರೇ ಎಂದು. ನಾನು ಸಿಂಧಘಟ್ಟದ ರಸ್ತೆಯಲ್ಲಿ ಬಿದ್ದಾಗ ಕಂಡವರು ಒಬ್ಬರೇ, ಕೆಂಪಮ್ಮ. ರಸ್ತೆಗೆ ಹುರುಳಿ ಹಾಸಿದವರೂ ಅವರೇ. ನಮ್ಮ ಕಡೆ ಸುಗ್ಗಿ ಬಂತೆಂದರೆ ಟಾರು ರಸ್ತೆಯೇ ಕಣ. ಕಿತ್ತು ಒಣಗಿಸಿದ ಹುರುಳಿ ಗಿಡವನ್ನು ರಸ್ತೆಗೆ ಹರಡಿ ಪಕ್ಕದಲ್ಲಿ ಕುಳಿತರಾಯಿತು, ಬಸ್ಸು ಲಾರಿಗಳು ಓಡಾಡಿ ಒಕ್ಕಣೆ ಮುಗಿಸುತ್ತವೆ. ಬೆಳಗಿನ ಇಬ್ಬನಿಗೆ ನೆನೆದ ಆ ಹಾಸಿನ ಮೇಲೆ ನನ್ನ ಸವೆದ ಟೈರು ಸುಯ್ಯೆಂದು ಜಾರಿತು. ಕೆಂಪಮ್ಮ ಓಡಿ ಬಂದರು. ಎತ್ತುತ್ತಾರೆಂದು ಕೈ ಚಾಚಿದೆ.

“ಅಯ್ಯೋ, ಅಲ್ಲೇ ಮನಗಿರಿ ಸಾಮಿ, ಒದ್ದಾಡಬ್ಯಾಡಿ! ನೀವು ಎದ್ರೆ ಕಾಳೆಲ್ಲ ಚರಂಡಿಗೆ ಓಯ್ತವೆ!” ಎಂದರು. ಕಾಳು ಗುಡಿಸಿಕೊಳ್ಳುವ ತನಕ ಮಲಗಿಯೇ ಇದ್ದೆ.

ಜಿಲ್ಲೆಯ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೂದಲು ನರೆಯುವವರೆಗೆ ಕೂತು ಬೇರೆಯವರ ವಾಕ್ಯ ತಿದ್ದಿದವನು ನಾನು. ಪ್ರತಿ ಸುಗ್ಗಿಯಲ್ಲೂ ‘ರಸ್ತೆಯಲ್ಲೇ ಒಕ್ಕಣೆ: ಸವಾರರ ಪರದಾಟ’ ಎಂಬ ಶೀರ್ಷಿಕೆಯನ್ನು ಫ್ಯಾನಿನ ಕೆಳಗೆ ಕೂತು ಕೊಟ್ಟಿದ್ದೇನೆ. ನಿವೃತ್ತನಾಗಿ ಕೆ.ಆರ್. ಪೇಟೆಯ ಮನೆಗೆ ಬಂದ ಮೇಲೂ ತಿದ್ದುವ ಚಟ ಬಿಡಲಿಲ್ಲ. ತಿದ್ದಲು ಸುದ್ದಿ ಇಲ್ಲದ್ದರಿಂದ ಸಾರಿನ ಉಪ್ಪನ್ನು ತಿದ್ದತೊಡಗಿದೆ. ಅಷ್ಟರಲ್ಲಿ ಡಾಕ್ಟರು ಸಕ್ಕರೆ ಕಾಯಿಲೆಗೆ ಸೈಕಲ್ ತುಳಿಯಿರಿ ಎಂದರು. ನನಗೆ ಸಕ್ಕರೆ ಇಳಿಯಿತು, ನನ್ನಾಕೆ ಜಯಮ್ಮನಿಗೆ ಬೆಳಗಿನ ಹೊತ್ತು ಶಾಂತಿ ಸಿಕ್ಕಿತು. ಆ ಒಂದು ಗಂಟೆಯ ಸವಾರಿಯ ಮೇಲೆ ನಮ್ಮ ಸಂಸಾರವೇ ನಿಂತಿತ್ತು ಎಂದರೆ ತೀರ ಉತ್ಪ್ರೇಕ್ಷೆಯಲ್ಲ.

ಆದರೂ ಹರಿದ ಪ್ಯಾಂಟು ನೋಡಿದ ಜಯಮ್ಮ ತೀರ್ಪು ಕೊಟ್ಟೇಬಿಟ್ಟಳು: “ಕಾಯಿಲೆ ವಾಸಿಯಾಗ್ಲಿ ಅಂತ ಸೈಕಲ್ ತಗಂಡ್ರಿ, ಸೊಂಟ ಮುರಕಳಕ್ಕಲ್ಲ. ಇನ್ನೊಂದ್ಸಲ ಬಿದ್ಕಂಡು ಬನ್ನಿ, ಗುಜರಿಯವ್ನ ಕೈಗೆ ಕೊಟ್ಬುಡ್ತೀನಿ ನೋಡಿ.”

ಬೇರೆ ದಾರಿ ಹಿಡಿಯಬಹುದಿತ್ತಲ್ಲ ಎನ್ನುತ್ತೀರಿ. ನಾಗಮಂಗಲದ ಕಡೆ ತಿರುಗಿದರೆ ರಾಗಿ ಹಾಸಿರುತ್ತಾರೆ, ಪಾಂಡವಪುರದ ಕಡೆ ಟ್ರಾಕ್ಟರಿನಿಂದ ಉದುರಿದ ಗದ್ದೆ ಕೆಸರು. ರಸ್ತೆ ಬದಲಿಸಲಾಗದವನು ಟೈರು ಬದಲಿಸಬೇಕು. ಫೋನಿನಲ್ಲಿ ಹುಡುಕಿದೆ. ಹುರುಳಿಯ ಮೇಲೆ ಸೈಕಲ್ ತುಳಿಯುವುದು ಹೇಗೆಂದು ಭೂಮಂಡಲದಲ್ಲಿ ಯಾರೂ ಬರೆದಿರಲಿಲ್ಲ. ಜಾರುವ ರಸ್ತೆ ಎಂದು ಕೇಳಿದರೆ ಬರೀ ಹಿಮದ ದೇಶಗಳೇ ಬಂದವು. ಕಣ್ಣು ಮಾತ್ರ ಕಾಣುವಂತೆ ಉಣ್ಣೆ ಸುತ್ತಿಕೊಂಡ ಒಬ್ಬಾತ ವಿವರಿಸುತ್ತಿದ್ದ. ಸಡಿಲ ಹಿಮಕ್ಕೆ ಉಬ್ಬುಗಳಿರುವ ಅಗಲ ಟೈರು, ಗಾಳಿ ಸ್ವಲ್ಪ ಕಮ್ಮಿ. ಗಟ್ಟಿ ಮಂಜುಗಡ್ಡೆಗಾದರೆ ಮೊಳೆ ಕೂರಿಸಿದ ಟೈರೇ ಬೇಕು. ಈಗ ಪ್ರಶ್ನೆ, ಹುರುಳಿ ಹಿಮವೋ ಮಂಜುಗಡ್ಡೆಯೋ? ಎರಡು ದಿನ ಯೋಚಿಸಿದೆ. ಮೇಲಿನ ಸೊಪ್ಪು ಹಿಮ, ಅಡಿಯಲ್ಲಿ ಉರುಳುವ ಕಾಳು ಮಂಜುಗಡ್ಡೆ ಎಂಬ ತೀರ್ಮಾನಕ್ಕೆ ಬಂದೆ. ಯಾವ ಸುದ್ದಿಯನ್ನೂ ಇನ್ನೊಬ್ಬರನ್ನು ಕೇಳದೆ ಒಪ್ಪಬಾರದೆಂಬುದು ನಮ್ಮ ಸುದ್ದಿಮನೆಯ ನಿಯಮ. ಜಯಮ್ಮನನ್ನು ಕೇಳಿದೆ. “ಹುರುಳಿ ಹುರುಳಿನೇ ಕಣ್ರೀ,” ಎಂದು ಒಳಗೆ ಹೋದಳು.

ಪೇಟೆಯ ಸೈಕಲ್ ಅಂಗಡಿಯ ಶಿವಣ್ಣನಿಗೆ ಮೊಳೆ ಟೈರಿನ ಚಿತ್ರ ತೋರಿಸಿದೆ. ಆತ ಚಿತ್ರವನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದ.

“ಸಾ, ಅಂಗ್ಡಿ ತೆಗೆದಾಗ್ಲಿಂದ ಟೈರಿಂದ ಮೊಳೆ ಕೀಳದೇ ನನ್ ಕಸುಬು. ನೀವು ಮೊಳೆ ಇರೋ ಟೈರೇ ಕೊಡು ಅಂತಿದ್ದೀರಲ್ಲ, ಉಸಾರಾಗಿದ್ದೀರಾ?”

“ಹಿಮದ ದೇಶದಲ್ಲಿ ಹೀಗೇ ಹಾಕುತ್ತಾರಪ್ಪ.”

“ಅಲ್ಲಿ ಆಕ್ಲಿ ಬುಡಿ. ಇಲ್ಲಿ ಕಾಳು ಮ್ಯಾಲೆ ಓಡ್ಸುದ್ರೆ ಎಲ್ಲಾ ಚೂರಾಗಿ ಎಂಗಸ್ರು ನಿಮ್ಮನ್ನೇ ಒಕ್ಬುಡ್ತಾರೆ!”

ಕೊನೆಗೆ ಅಟ್ಟದಿಂದ ಒಂದು ಜೊತೆ ಉಬ್ಬು ಟೈರು ಇಳಿಸಿದ. ಇದು ಕಾಳಿಗೆ ಆಗುತ್ತದೆಯೇ ಎಂದರೆ, “ಗೊತ್ತಿಲ್ಲ ಸಾ. ಯಾರೂ ತಗಳ್ದೆ ಕುಂತದೆ, ಅಷ್ಟು ಗೊತ್ತು,” ಎಂದ. ಇಷ್ಟು ಪ್ರಾಮಾಣಿಕ ಹೇಳಿಕೆ ನನಗೆ ವೃತ್ತಿಯಲ್ಲಿ ಸಿಕ್ಕಿದ್ದು ಕಮ್ಮಿ. ಟೈರು ತಾಗುತ್ತಿದ್ದುದರಿಂದ ಮಡ್‌ಗಾರ್ಡು ಬಿಚ್ಚಿಸಿ, ಹಿಮದವನು ಹೇಳಿದಂತೆ ಗಾಳಿ ಸ್ವಲ್ಪ ಇಳಿಸಿ ಮನೆಗೆ ತಂದೆ.

ಮಾರನೆಯ ಬೆಳಿಗ್ಗೆ ಕೆಂಪಮ್ಮನ ಕಣ ದೂರದಿಂದಲೇ ಕಂಡಿತು. ಕೆಂಪಮ್ಮನಿಗೂ ನಾನು ಕಂಡೆ. “ಬಂದ್ಬುಟ್ರು, ಬಂದ್ಬುಟ್ರು!” ಎಂದು ಪೊರಕೆ ಹಿಡಿದು ಎದ್ದು ನಿಂತರು. ಕಣ್ಣ ಮುಂದೆ ಗುಜರಿಯವನ ತಳ್ಳುಗಾಡಿ ಹಾದುಹೋಯಿತು. ಬ್ರೇಕು ಮುಟ್ಟಬಾರದು, ಹ್ಯಾಂಡಲ್ ತಿರುಗಿಸಬಾರದು ಎಂದು ಹಿಮದವನು ಹೇಳಿದ್ದನ್ನು ಜಪಿಸುತ್ತ ನುಗ್ಗಿದೆ. ನಡುವೆ ಹಿಂದಿನ ಚಕ್ರ ಒಮ್ಮೆ ಓಲಾಡಿತು, ಆಮೇಲೆ ಉಬ್ಬುಗಳು ಸೊಪ್ಪನ್ನು ಕಚ್ಚಿಕೊಂಡವು. ಚರಚರ ಸದ್ದಿನೊಂದಿಗೆ ಆಚೆ ದಡ ಸೇರಿದೆ. ಕಾಲೂರಿ ನಿಂತಾಗ, ಈ ವಯಸ್ಸಿನಲ್ಲೂ ಹೊಸದೊಂದು ಕಲಿಯಬಹುದಲ್ಲ ಎಂಬ ಹಿಗ್ಗು.

ಕೆಂಪಮ್ಮ ಬಗ್ಗಿ ಟೈರಿನ ಜಾಡು ನೋಡುತ್ತಿದ್ದರು. “ಸಾಮಿ, ಇಲ್ ನೋಡಿ, ಕಾಯೆಲ್ಲ ಎಂಗೆ ಬಿರುದವೆ! ಬಸ್ಸು ಬಂದ್ರೆ ಗಾಳಿಗೆ ಅರ್ದ ಬೇಲಿಗೆ ಓಯ್ತದೆ. ನಿಮ್ದು ಮೆತ್ತಗೆ ಬುಡುಸ್ತದೆ. ಆ ಅಂಚಲ್ಲಿ ಅಂಗೇ ಉಳ್ಕಂಡದೆ, ಒಂದು ಸುತ್ತು ಆಕ್ಬುಡಿ.”

ಒಂದು ಸುತ್ತು ಹಾಕಿದೆ. ಇನ್ನೊಂದಕ್ಕೆ ಅವರು ಕೇಳಲಿಲ್ಲ, ನಾನೇ ಹಾಕಿದೆ. ಬಸ್ಸು ತುಳಿಯದ ಅಂಚುಗಳು ನನ್ನವು ಎಂದು ಒಪ್ಪಂದವಾಯಿತು. ಸುತ್ತುತ್ತಿರುವಾಗ ಬೈಕಿನಲ್ಲಿ ಹೋಗುತ್ತಿದ್ದ ಯಾರೋ ನಿಂತು ಫೋಟೊ ತೆಗೆದದ್ದು ಗೊತ್ತಾಯಿತು. ನಕ್ಕು ಕೈ ಬೀಸಿದೆ.

ಆ ಫೋಟೊ ನಮ್ಮ ಪತ್ರಿಕೆಯಲ್ಲೇ ಬಂತು. ಹುರುಳಿಯ ನಡುವೆ ಕೈ ಎತ್ತಿದ ನಾನು, ಮೇಲೆ ದಪ್ಪ ಅಕ್ಷರದಲ್ಲಿ ‘ರಸ್ತೆಯಲ್ಲೇ ಒಕ್ಕಣೆ: ಸವಾರರ ಪರದಾಟ’. ಕೆಳಗೆ ‘ಸಹಾಯಕ್ಕಾಗಿ ಕೈ ಬೀಸಿದ ವೃದ್ಧ’.

ಜಯಮ್ಮ ಕನ್ನಡಕ ಏರಿಸಿ ಚಿತ್ರವನ್ನು ಬಹಳ ಹೊತ್ತು ಪರೀಕ್ಷಿಸಿದಳು. “ಬಿದ್ದಿಲ್ಲ ತಾನೆ? ಸರಿ, ಸೈಕಲ್ ಇರ್ಲಿ ಬುಡಿ,” ಎಂದು, ಕೆಂಪಮ್ಮ ಕೊಟ್ಟ ಹುರುಳಿಯ ಬಸ್ಸಾರು ತಂದು ಬಡಿಸಿದಳು.

ಪರದಾಟವಲ್ಲ, ವೃದ್ಧನಂತೂ ಅಲ್ಲವೇ ಅಲ್ಲ ಎಂದು ತಿದ್ದುಪಡಿ ಕೇಳಲು ಫೋನು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಆ ಶೀರ್ಷಿಕೆ ಕೊಟ್ಟವನು ಯಾರೆಂದು ನೆನಪಾಯಿತು. ಫೋನು ಕೆಳಗಿಟ್ಟು ಒಂದು ತುತ್ತು ಉಂಡೆ. ಉಪ್ಪು ತುಸು ಮುಂದಾಗಿತ್ತು. ಅದನ್ನೂ ತಿದ್ದಲಿಲ್ಲ.