ಅರವತ್ತು ಸಾವಿರಕ್ಕೆ ಎರಡು ಕಮ್ಮಿ

ಬೆಳಿಗ್ಗೆ ಫೋನಿನಲ್ಲಿ ದನಿ ಏರಿಸಿದ್ದೇ ಹಲ್ಲಪ್ಪ ಮಾಡಿದ ತಪ್ಪು. ಮೆತ್ತಗೆ ಮಾತಾಡಿ ಮುಗಿಸಿದ್ದರೆ ಆ ದಿನ ಅವನ ಪಾಡಿಗೆ ಅವನದಾಗಿರುತ್ತಿತ್ತು.

ಹಲ್ಲಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ಬೀದಿಯಲ್ಲಿ ವಯಸ್ಸಾದವರ ನಗುವಿನಲ್ಲಿ ಅರ್ಧಕ್ಕರ್ಧ ಅವನ ಕೈಯಿಂದಲೇ ಹೊರಬಂದದ್ದು. ಆದರೆ ಅವತ್ತು ಬೆಳಿಗ್ಗೆ ಅವನ ಮುಖದಲ್ಲೇ ನಗು ಇರಲಿಲ್ಲ. ಬಾಲ್ಕನಿಯಲ್ಲಿ ನಿಂತು ಕಾರು ಇನ್ಶೂರೆನ್ಸಿನ ಹುಡುಗಿಯ ಜೊತೆ ಕಾದಾಡುತ್ತಿದ್ದ.

"ಹೋದ ವರ್ಷಕ್ಕಿಂತ ಇಷ್ಟೊಂದು ಜಾಸ್ತೀನಾ? ಯಾಕಮ್ಮ?"

"ನಿಮ್ಮ ಕಾರಿಗೆ ವಯಸ್ಸಾಯ್ತಲ್ಲ ಸಾರ್."

"ವಯಸ್ಸಾದ್ರೆ ಬೆಲೆ ಕಮ್ಮಿ ಆಗ್ಬೇಕಲ್ವಾ?"

"ಕಾರಿನ ಬೆಲೆ ಕಮ್ಮಿ ಆಗಿದೆ ಸಾರ್. ಪ್ರೀಮಿಯಂ ಮಾತ್ರ ಜಾಸ್ತಿ ಆಗಿರೋದು."

"ನಾನು ಇದುವರೆಗೂ ಒಂದು ಇರುವೆಗೂ ಗುದ್ದಿಲ್ಲ!"

"ಗೊತ್ತು ಸಾರ್. ನಿಮ್ಮಂಥೋರಿಂದಲೇ ಕಂಪನಿ ನಿಂತಿರೋದು. ಆದ್ರೆ ಗುದ್ದೋರು ಜಾಸ್ತಿ ಆಗ್ಬಿಟ್ಟಿದಾರೆ."

"ಹಾಗಾದ್ರೆ ಗುದ್ದೋರ ಹತ್ರ ಇಸ್ಕೊಳ್ಳಿ!"

"ಅವರು ಕೊಡಲ್ಲ ಸಾರ್," ಎಂದಳು ಹುಡುಗಿ, ಜೇನು ಸವರಿದ ದನಿಯಲ್ಲಿ.

ಹಲ್ಲಪ್ಪನ ಪಿತ್ತ ನೆತ್ತಿಗೇರಿತು. "ಹಾಗಾದ್ರೆ ನಾನೂ ಕೊಡಲ್ಲ! ಪಾಲಿಸಿ ಇವತ್ತಿಗೆ ಮುಗಿಯುತ್ತೆ ತಾನೇ? ಮುಗೀಲಿ! ನಾಳೆ ಕಾರು ಮಾರಿಬಿಡ್ತೀನಿ. ಇವತ್ತೊಂದು ದಿನ ಮನಸ್ಸು ತಣಿಯೋವರೆಗೂ ಓಡಿಸ್ತೀನಿ!"

ಈ ಕೊನೆಯ ಮಾತು ಇಡೀ ಬೀದಿಗೆ ಕೇಳಿಸಿತು.

ಒಳಗೆ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. "ನಿಜವಾಗ್ಲೂ ಮಾರ್ತೀರಾ?" ಎಂದಳು.

"ಹೂಂ. ಅದಕ್ಕೆ ಮುಂಚೆ ಹೋಗ್ಬರೋಣ. ಇವತ್ತೇ."

ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಕೈಯಲ್ಲಿದ್ದ ಟವೆಲ್ಲು ಅರ್ಧ ಮಡಿಕೆಯಲ್ಲೇ ನಿಂತಿತು.

ಅವಳು ಹುಟ್ಟಿದ್ದು ಸಮುದ್ರದ ದಡದಲ್ಲಿ. ಅವಳಪ್ಪ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಮದುವೆಯಾದ ಹೊಸದರಲ್ಲಿ ಅವಳಿಗೆ ಎಷ್ಟೋ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಯಾಕೆ ಎಂದರೆ, "ಇಲ್ಲಿ ಶಬ್ದ ಇಲ್ಲ" ಎನ್ನುತ್ತಿದ್ದಳು. ಹಲ್ಲಪ್ಪ ಟೇಬಲ್ ಫ್ಯಾನು ತಂದು ತಲೆಯ ಹತ್ತಿರ ಇಟ್ಟ. ಅದು ಕಿರ್ರೋ ಎಂದು ತಿರುಗಿದ ಮೇಲೆ ಅವಳು ಮಲಗಿದಳು; ಇವನು ಎದ್ದು ಕೂತ. ಫ್ಯಾನಿನ ಗದ್ದಲವನ್ನು ಕೇಳುತ್ತ, ಹೆಂಡತಿಯ ನಿದ್ದೆಯನ್ನೇ ಒತ್ತೆ ಇಟ್ಟುಕೊಂಡ ಆ ಸಮುದ್ರ ಹೇಗಿರಬಹುದು ಎಂದು ಯೋಚಿಸಿದ. ಮದುವೆಯೂ ಇವನ ಊರಲ್ಲೇ ನಡೆದದ್ದರಿಂದ ಅವನು ಸಮುದ್ರ ಕಂಡವನಲ್ಲ. ಬೆಳಗಾಗುವ ಹೊತ್ತಿಗೆ ಅದನ್ನು ನೋಡುವ ಆಸೆ ಅವನಿಗೇ ಅಂಟಿಕೊಂಡಿತ್ತು.

ಬಸ್ಸು ಹತ್ತಿದ್ದರೆ ಎಂದೋ ನೋಡಿಬಿಡಬಹುದಿತ್ತು. ಆದರೆ "ನಮ್ಮದೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ" ಎಂದು ಬಾಯಿಬಿಟ್ಟಿದ್ದ. ಕಾರು ಬರುವ ಹೊತ್ತಿಗೆ ಮಗಳು ಓದು ಮುಗಿಸಿ ಮದುವೆಯಾಗಿದ್ದಳು. ಬಂದದ್ದಾದರೂ ಇನ್ನೊಬ್ಬರು ಓಡಿಸಿ ಬಿಟ್ಟ ಹಳೇ ಕಾರು. ಅದನ್ನು ಹೊರಗೆ ತೆಗೆದರೆ ಗೀರು ಬಿದ್ದೀತು, ಗೀರು ಬಿದ್ದರೆ ಕ್ಲೇಮು ಮಾಡಬೇಕಾದೀತು, ಕ್ಲೇಮು ಮಾಡಿದರೆ ಮುಂದಿನ ವರ್ಷ ಪ್ರೀಮಿಯಂ ಏರೀತು ಎಂದು ಅವನು ಅದನ್ನು ಗಾಳಿ ತುಂಬಿಸುವ ಅಂಗಡಿಯಿಂದಾಚೆಗೆ ಒಯ್ದದ್ದೇ ಅಪರೂಪ. ಪ್ರೀಮಿಯಂ ಮಾತ್ರ ನಿಂತ ಕಾರಿಗೂ ಪ್ರತಿ ವರ್ಷ ಏರುತ್ತಲೇ ಇತ್ತು.

ಗಂಡ ಹೆಂಡತಿ ಫ್ಲಾಸ್ಕು, ಬುತ್ತಿ ಹಿಡಿದು ಕೆಳಗಿಳಿದರೆ ಕಾರಿನ ಪಕ್ಕದಲ್ಲಿ ಮೇಲಿನ ಮನೆಯ ದೊಡ್ಡಮ್ಮ ನಿಂತಿದ್ದರು. ಅವರ ಕಾಲ ಬಳಿ ಹೊಲಿಗೆ ಮಿಷನ್ನು.

"ಕೇಳಿಸ್ತು ಕಣಪ್ಪ. ಹೇಗೂ ಇವತ್ತು ಮನಸ್ಸು ತಣಿಯೋವರೆಗೂ ಓಡಿಸ್ತೀಯಂತೆ. ಇದನ್ನೊಂದು ನನ್ನ ತಂಗಿ ಮನೆಗೆ ಹಾಕ್ಬಿಡು. ಇಲ್ಲೇ, ದಾರೀಲೇ."

ದೊಡ್ಡಮ್ಮನ ತಂಗಿಯ ಮನೆ ಸಮುದ್ರದ ದಾರಿಯಲ್ಲಿ ಇರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿತ್ತು. ಇಲ್ಲ ಎನ್ನಲು ಹಲ್ಲಪ್ಪ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ರಿಟೈರ್ಡ್ ಗುಮಾಸ್ತರು ಹಿಂದಿನ ಬಾಗಿಲು ತೆರೆದು ಒಳಗೆ ಕೂತೇ ಬಿಟ್ಟರು.

"ನನಗೆ ಎಲ್ಲಿಗೂ ಹೋಗ್ಬೇಕಾಗಿಲ್ಲ," ಎಂದರು. "ನಿನಗೆ ಬುದ್ಧಿ ಹೇಳೋಕೆ ಬರ್ತಿದೀನಿ. ಇಷ್ಟು ವರ್ಷ ದುಡ್ಡು ಕಟ್ಟಿದೀಯ. ಒಂದು ಸಲಾನಾದ್ರೂ ವಾಪಸ್ ಬಂತಾ? ಇವತ್ತು ಕೊನೇ ದಿನ. ಒಂದು ಸಣ್ಣ ಗೋಡೆ ನೋಡ್ಕೊಂಡು ಮೆಲ್ಲಗೆ ಮುಟ್ಟಿಸು. ಕ್ಲೇಮು ಹಾಕು. ಹೊಸ ಬಂಪರ್, ಹೊಸ ಪೇಂಟು. ನಾಳೆ ಮಾರೋವಾಗ ಒಳ್ಳೆ ಬೆಲೆ ಬರುತ್ತೆ."

"ಅದು ಮೋಸ ಆಗಲ್ವಾ?" ಎಂದಳು ಹೆಂಡತಿ.

"ಅವರು ಮಾಡ್ತಿರೋದು ಏನಮ್ಮ, ದಾನಾನಾ?"

ಮಿಷನ್ನು ಡಿಕ್ಕಿಗೆ, ದೊಡ್ಡಮ್ಮ ಹಿಂದಿನ ಸೀಟಿಗೆ ಏರಿದ ಮೇಲೆ ಕಾರು ಹೊರಟಿತು. ದೊಡ್ಡಮ್ಮನ ತಂಗಿ ಮನೆಯಲ್ಲಿ ಇರಲಿಲ್ಲ. ಅವರು ನಾದಿನಿಯ ಮನೆಗೆ ಹೋಗಿದ್ದಾರೆಂದು ಪಕ್ಕದವರು ಹೇಳಿದರು. ನಾದಿನಿಯ ಮನೆಗೆ ಹೋದರೆ, ಇಬ್ಬರೂ ಸೀರೆ ಅಂಗಡಿಗೆ ಹೋಗಿದ್ದರು. ಅಂಗಡಿಯಲ್ಲಿ ಸಿಕ್ಕ ತಂಗಿ, "ಅಯ್ಯೋ ಅಕ್ಕ, ನಾನು ಹೊಸ ಮಿಷನ್ ತಗೊಂಡೆನಲ್ಲ, ಹೇಳಲಿಲ್ವಾ?" ಎಂದಳು. ಮಿಷನ್ನು ಡಿಕ್ಕಿಯಲ್ಲೇ ಉಳಿಯಿತು. ತಂಗಿ ಮತ್ತು ನಾದಿನಿ ಸೀರೆಗಳ ಸಮೇತ ಕಾರು ಹತ್ತಿದರು. ಅವರನ್ನು ಮನೆ ಮುಟ್ಟಿಸಿದ್ದಾಯಿತು.

ಈ ದಾರಿಯುದ್ದಕ್ಕೂ ಗುಮಾಸ್ತರು ಕಿಟಕಿಯಿಂದ ತಲೆ ಹೊರಹಾಕಿ, ಹೆಣ್ಣು ನೋಡಲು ಹೊರಟವರ ಹಾಗೆ ಗೋಡೆ ನೋಡುತ್ತಿದ್ದರು. "ಇದು ಒರಟು... ಇದು ಪೊಲೀಸ್ ಸ್ಟೇಷನ್ನು, ಬೇಡ... ಆಹಾ, ನಿಲ್ಸು ನಿಲ್ಸು! ಎಂಥ ಗೋಡೆ!"

ಅದು ಹಾಳುಬಿದ್ದ ಗೋದಾಮಿನ ಗೋಡೆ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಗುಮಾಸ್ತರು ಇಳಿದು, ಹಿಂದೆ ಒಂದು ಬದಿಗೆ ನಿಂತು, ಹಡಗು ದಡಕ್ಕೆ ತರುವವರಂತೆ ಎರಡೂ ಕೈ ಆಡಿಸಿದರು. "ರಿವರ್ಸ್ ಬಾ... ಬಾ... ಇನ್ನೂ ಬಾ... ಕೆನ್ನೆಗೆ ಮುತ್ತು ಕೊಟ್ಟ ಹಾಗೆ, ಅಷ್ಟೇ!"

ಹಲ್ಲಪ್ಪನಿಗೆ ಇಷ್ಟು ವರ್ಷ ಕಟ್ಟಿದ ದುಡ್ಡೆಲ್ಲ ಕಣ್ಣ ಮುಂದೆ ಬಂತು. ಬಾಯಲ್ಲಿ ನೀರೂ ಬಂತು. ಗೇರು ಹಾಕಿದ. ಹಿಂದೆ ನೋಡಲು ಕತ್ತು ಹೊರಳಿಸಿದರೆ ಪಕ್ಕದಲ್ಲಿದ್ದ ಹೆಂಡತಿಯ ಮುಖ ಕಂಡಿತು. ಅವಳು ಗೋಡೆಯನ್ನೂ ನೋಡುತ್ತಿರಲಿಲ್ಲ, ಅವನನ್ನೂ ನೋಡುತ್ತಿರಲಿಲ್ಲ. ಮಡಿಲಲ್ಲಿದ್ದ ಬುತ್ತಿಯನ್ನು ಹಿಡಿದು ಆಕಾಶದಲ್ಲಿ ಬಿಸಿಲು ಎಷ್ಟು ಉಳಿದಿದೆ ಎಂದು ನೋಡುತ್ತಿದ್ದಳು. ಹಲ್ಲಪ್ಪ ಬ್ರೇಕು ಒತ್ತಿದ. ಗೋಡೆಗೂ ಕಾರಿಗೂ ನಡುವೆ ಒಂದು ಅಂಗೈ ಜಾಗ ಉಳಿಯಿತು.

"ಏನಾಯ್ತಯ್ಯಾ? ಬಾ!" ಎಂದು ಗುಮಾಸ್ತರು ಒಂದು ಹೆಜ್ಜೆ ಹಿಂದೆ ಸರಿದರು. ಹಿಂದೆ ಇಟ್ಟಿಗೆ ಗುಡ್ಡೆ ಇತ್ತು. ಗುಮಾಸ್ತರು ಒಂದು ಕಡೆ ಬಿದ್ದರು, ಹಲ್ಲಪ್ಪನೇ ಮಾಡಿಕೊಟ್ಟಿದ್ದ ಮೇಲಿನ ಸೆಟ್ಟು ಇನ್ನೊಂದು ಕಡೆ ಬಿತ್ತು. ಕಾಲು ಉಳುಕಿತ್ತು.

ಅವರನ್ನು ಡಾಕ್ಟರ ಹತ್ತಿರ ಒಯ್ದದ್ದಾಯಿತು. ಅಲ್ಲಿಂದ ಎಕ್ಸ್‌ರೇ ತೆಗೆಯುವಲ್ಲಿಗೆ, ಮತ್ತೆ ಡಾಕ್ಟರ ಹತ್ತಿರ, ಆಮೇಲೆ ಮದ್ದಿನ ಅಂಗಡಿಗೆ. ಕಾಲು ಚಾಚಬೇಕೆಂದು ಗುಮಾಸ್ತರು ಮುಂದಿನ ಸೀಟಿಗೆ ಬಂದರು. ಹೆಂಡತಿ ಹಿಂದೆ ದೊಡ್ಡಮ್ಮನ ಪಕ್ಕಕ್ಕೆ ಹೋದಳು.

"ಹಲ್ಲಪ್ಪ," ಎಂದರು ಗುಮಾಸ್ತರು ಬ್ಯಾಂಡೇಜು ಸವರುತ್ತ, "ನನ್ನ ಕಾಲಿಗೆ ನಿನ್ನ ಇನ್ಶೂರೆನ್ಸಲ್ಲಿ ಏನಾದ್ರೂ ಬರುತ್ತಾ?"

"ಕಾರು ನಿಮ್ಮನ್ನ ಮುಟ್ಟೇ ಇಲ್ಲ ಸಾರ್."

"ಅದೇ ನೀನು ಮಾಡಿದ ತಪ್ಪು," ಎಂದು ಅವರು ನಿಟ್ಟುಸಿರುಬಿಟ್ಟರು.

ಗುಮಾಸ್ತರು, ದೊಡ್ಡಮ್ಮ, ಹೊಲಿಗೆ ಮಿಷನ್ನು ಮೂರನ್ನೂ ಅವರವರ ಮನೆಗೆ ಹೊತ್ತು ಹಾಕುವಾಗ ಮಧ್ಯಾಹ್ನ ಜಾರುತ್ತಿತ್ತು. ಹಲ್ಲಪ್ಪ ಬೆವರು ಒರೆಸಿಕೊಂಡು ಹೆಂಡತಿಯನ್ನು ನೋಡಿದ. "ಈಗಲೂ ಹೊರಟ್ರೆ ಸೂರ್ಯ ಮುಳುಗೋ ಹೊತ್ತಿಗೆ ಸೇರ್ಕೋಬಹುದು."

"ಹೊರಡಿ," ಎಂದಳು. ಇನ್ನು ಯಾರೂ ಕೂರದಂತೆ ಹಿಂದಿನ ಬಾಗಿಲಿಗೆ ತಾನೇ ಚಿಲಕ ಹಾಕಿದಳು.

ಊರು ಹಿಂದೆ ಬಿತ್ತು. ಹಳೇ ಕಾರು ಕೆಮ್ಮುತ್ತ ಕೆಮ್ಮುತ್ತ ಗುಡ್ಡ ಏರಿತು, ಇಳಿಯಿತು. ಹೆಂಡತಿ ಗಾಜು ಇಳಿಸಿದಳು. ಅವಳ ಕೂದಲಿನಲ್ಲಿ ಬೆಳ್ಳಿ ಎಳೆಗಳು ಹಾರಾಡುತ್ತಿದ್ದವು. ಎಷ್ಟೋ ಹೊತ್ತಿನ ಮೇಲೆ ಅವಳು ಇದ್ದಕ್ಕಿದ್ದಂತೆ ಉಸಿರೆಳೆದು, "ಬಂತು!" ಎಂದಳು.

"ಎಲ್ಲಿ?"

"ಕಾಣೋದಲ್ಲ ರೀ. ವಾಸನೆ."

ಹಲ್ಲಪ್ಪನೂ ಮೂಗರಳಿಸಿದ. ಅವನಿಗೆ ಪೆಟ್ರೋಲಿನ ವಾಸನೆ ಬಿಟ್ಟರೆ ಬೇರೇನೂ ಬರಲಿಲ್ಲ. ಆದರೂ ಕಾರಿನ ವೇಗ ಏರಿಸಿದ. ರಸ್ತೆ ಬದಿಯ ಕಲ್ಲು, ಕಡಲತೀರಕ್ಕೆ ಮೂರು ಕಿಲೋಮೀಟರು ಎನ್ನುತ್ತಿತ್ತು.

ಆಗ ಫೋನು ಬಡಿದುಕೊಂಡಿತು. ಕಾರು ಪಕ್ಕಕ್ಕೆ ನಿಲ್ಲಿಸಿದ. ಅದೇ ಜೇನಿನ ದನಿ.

"ಸಾರ್, ಒಳ್ಳೆ ಸುದ್ದಿ! ಬೆಳಿಗ್ಗೆ ನೀವು ಬೇಜಾರು ಮಾಡ್ಕೊಂಡ್ರಲ್ಲ, ಮೇಲಿನವರ ಹತ್ರ ಮಾತಾಡಿದೆ. ಕಮ್ಮಿ ಓಡಿರೋ ಹಳೇ ಕಾರುಗಳಿಗೆ ಹೊಸ ಸ್ಕೀಮು. ಅರ್ಧ ಪ್ರೀಮಿಯಂ ಸಾರ್! ಮೀಟರು ಅರವತ್ತು ಸಾವಿರ ದಾಟಿರಬಾರದು, ಅಷ್ಟೇ. ನಿಮ್ಮದು ಎಷ್ಟಿದೆ?"

ಹಲ್ಲಪ್ಪ ಬಗ್ಗಿ ನೋಡಿದ. ಐವತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೆಂಟು.

"ಇ... ಇಲ್ಲ, ದಾಟಿಲ್ಲ," ಎಂದ. "ಈಗಲೇ ಫೋಟೋ ಕಳಿಸ್ಲಾ?"

"ಫೋಟೋ ನಂಬಲ್ಲ ಸಾರ್, ಜನ ಮೋಸ ಮಾಡ್ತಾರೆ. ನಾಳೆ ಬೆಳಿಗ್ಗೆ ನಮ್ಮವರು ನಿಮ್ಮನೆಗೇ ಬಂದು ಕಾರು ನೋಡ್ತಾರೆ."

ಫೋನಿಟ್ಟು ಹಲ್ಲಪ್ಪ ಮತ್ತೊಮ್ಮೆ ಮೀಟರು ನೋಡಿದ. ಮುಂದೆ ಹೋದರೂ ದಾಟುತ್ತದೆ, ಹಿಂದೆ ಹೋದರೂ ದಾಟುತ್ತದೆ. ಗುಮಾಸ್ತರ ಎಕ್ಸ್‌ರೇ, ದೊಡ್ಡಮ್ಮನ ತಂಗಿಯ ಸೀರೆ ಎಲ್ಲ ಆ ಮೀಟರಿನೊಳಗೆ ಕೂತು ಅವನನ್ನು ಅಣಕಿಸುತ್ತಿದ್ದವು.

"ಲಾರಿ ಕರೆಸೋಣ," ಎಂದ ಕೊನೆಗೆ. "ಕೆಟ್ಟ ಕಾರು ಹೊತ್ಕೊಂಡು ಹೋಗ್ತಾರಲ್ಲ, ಅಂಥದ್ದು. ಕಾರು ಉಳಿಯುತ್ತೆ ಕಣೇ. ಮಾರೋದೇ ಬೇಡ. ಯಾವಾಗ ಬೇಕಾದ್ರೂ ಬರಬಹುದು ಇಲ್ಲಿಗೆ!"

ಫೋನು ಮಾಡಿದರೆ ಲಾರಿಯವನು ಹತ್ತೇ ನಿಮಿಷ ಎಂದ. "ಅಷ್ಟರಲ್ಲಿ ನಡ್ಕೊಂಡು ಹೋಗಿ ನೋಡ್ಕೊಂಡು ಬರೋಣ ಬನ್ನಿ," ಎಂದಳು ಹೆಂಡತಿ.

"ಅವನು ಬಂದು, ನಾವು ಇಲ್ಲ ಅಂತ ಹೊರಟುಹೋದ್ರೆ?"

ಇಬ್ಬರೂ ರಸ್ತೆ ಬದಿ ಕೂತು ಬುತ್ತಿ ಬಿಚ್ಚಿ ಉಂಡರು. ಲಾರಿಯವನ ಹತ್ತು ನಿಮಿಷ ಮುಗಿಯುವ ಹೊತ್ತಿಗೆ ಬಿಸಿಲು ಕೆಂಪಾಗಿತ್ತು. ದುಡ್ಡೆಷ್ಟು ಎಂದು ಕೇಳಿದರೆ ಅವನು ಹೇಳಿದ ಮೊತ್ತ, ಪ್ರೀಮಿಯಮ್ಮಿನಲ್ಲಿ ಉಳಿಯುತ್ತಿದ್ದ ಅರ್ಧಕ್ಕೆ ಸರಿಯಾಗಿತ್ತು.

"ಇಷ್ಟೊಂದಾ?" ಹಲ್ಲಪ್ಪ ಕೂಗಿದ.

"ನಾನೇನು ಮಾಡ್ಲಿ ಸಾರ್?" ಎಂದ ಲಾರಿಯವನು. "ಈ ಲಾರಿಗೆ ಈ ವರ್ಷ ಇನ್ಶೂರೆನ್ಸ್ ಎಷ್ಟು ಮಾಡಿದಾರೆ ಗೊತ್ತಾ? ನಾನು ಯಾರಿಗೂ ಗುದ್ದಿಲ್ಲ!"

ಹಲ್ಲಪ್ಪ ಒಪ್ಪಿಕೊಂಡ.

ಲಾರಿಯವನು ಹಗ್ಗ ಕಟ್ಟಿ ಕಾರನ್ನು ಮೇಲೆಳೆದ. ಮುಂದೆ ಅವನ ಪಕ್ಕದಲ್ಲಿ ಟಯರುಗಳು ತುಂಬಿದ್ದವು. "ಜಾಗ ಇಲ್ಲ, ಕಾರಲ್ಲೇ ಕೂತ್ಕೊಳ್ಳಿ," ಎಂದ. "ರಸ್ತೆ ಇಕ್ಕಟ್ಟು, ಇಲ್ಲಿ ತಿರುಗಿಸೋಕಾಗಲ್ಲ. ಕೆಳಗೆ ಸಮುದ್ರದ ಹತ್ರ ಬಯಲಿದೆ, ಅಲ್ಲಿ ತಿರುಗಿಸ್ಕೊಂಡು ಬರ್ತೀನಿ."

ಹಲ್ಲಪ್ಪನಿಗೆ ಅವನನ್ನು ತಬ್ಬಿಕೊಳ್ಳಬೇಕು ಎನಿಸಿತು. ಮೀಟರು ಓಡದೆ ಸಮುದ್ರ! ಇಬ್ಬರೂ ಕಾರಿನಲ್ಲಿ ಕೂತರು. ಲಾರಿ ಗುಡ್ಡ ಇಳಿಯತೊಡಗಿತು. ಅಷ್ಟು ಎತ್ತರದಿಂದ ಮರಗಳ ತುದಿಯೆಲ್ಲ ಕೈಗೆಟುಕುವಂತಿತ್ತು.

ಆಗ ಅವನ ಕಣ್ಣು ಮೀಟರಿನ ಮೇಲೆ ಬಿತ್ತು. ಕಾರನ್ನು ಮೇಲೆಳೆಯುವಾಗ ಚಕ್ರ ಉರುಳಿದ್ದಕ್ಕೋ ಏನೋ, ಕೊನೆಯ ಎಂಟು ಅರ್ಧ ಮೇಲೆ ಸರಿದಿತ್ತು. ಕೆಳಗಿನಿಂದ ಒಂಬತ್ತು ತಲೆ ಹಾಕಿತ್ತು. ಲಾರಿ ಗುಂಡಿಗೆ ಬಿದ್ದಾಗಲೆಲ್ಲ ಎರಡೂ ನಡುಗುತ್ತಿದ್ದವು, ಸಡಿಲ ಹಲ್ಲಿನ ಹಾಗೆ. ಹಲ್ಲಪ್ಪ ಫೋನಿನ ಬೆಳಕು ಬಿಟ್ಟು, ಮೂಗು ಗಾಜಿಗೆ ಒತ್ತುವಷ್ಟು ಬಗ್ಗಿದ. ಲಾರಿ ಎಡಕ್ಕೆ ವಾಲಿತು, ನಿಂತಿತು, ಹಿಂದೆ ಸರಿಯಿತು, ಮತ್ತೆ ಮುಂದೆ. ಎಲ್ಲೋ ದೊಡ್ಡ ಫ್ಯಾನು ತಿರುಗಿದಂಥ ಶಬ್ದ ಕೇಳಿ, ಲಾರಿಯ ಎಂಜಿನ್ನಿರಬೇಕು ಎಂದುಕೊಂಡ. ಎಂಟು ಅಲ್ಲೇ ಇತ್ತು. ಲಾರಿ ಗುಡ್ಡ ಏರಿತು. ಎಂಟು ಇನ್ನೂ ಅಲ್ಲೇ ಇತ್ತು.

"ನೋಡಿದ್ರಾ?" ಎಂದಳು ಹೆಂಡತಿ. ಅವಳ ದನಿ ಒದ್ದೆಯಾಗಿತ್ತು.

"ನೋಡ್ದೆ ಕಣೇ! ಒಂದು ಚೂರೂ ಸರೀಲಿಲ್ಲ!"

"ಏನು ಸರೀಲಿಲ್ಲ?"

ಹಲ್ಲಪ್ಪ ತಲೆಯೆತ್ತಿದ. ಮುಂದೆ ಗುಡ್ಡ. ಹೊರಳಿ ಹಿಂದೆ ನೋಡಿದ. ಗಾಜಿನ ತುಂಬ ಮರಗಳು, ಅವುಗಳ ಸಂದಿಯಲ್ಲಿ ಆರುತ್ತಿದ್ದ ಕೆಂಪು.

ಹೆಂಡತಿ ಅವನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ಹೇಗಿತ್ತು?" ಎಂದು ಕೇಳಿದ ಅವನು, ಮಗುವಿನಂತೆ.

"ಹೇಳಿದ್ರೆ ಗೊತ್ತಾಗೋದಲ್ಲ ರೀ. ನೀವೇ ನೋಡ್ಬೇಕು."

"ಇನ್ನೊಂದ್ಸಲ ಬರೋಣ. ಕಾರು ಇದ್ದೇ ಇರುತ್ತಲ್ಲ, ಅರ್ಧ ಪ್ರೀಮಿಯಮ್ಮು..."

"ಆ ಅರ್ಧ ಪ್ರೀಮಿಯಮ್ಮು ಪ್ರತಿ ವರ್ಷವೂ ಸಿಗ್ಬೇಕಾದ್ರೆ, ಇನ್ನು ಎಷ್ಟು ದೂರ ಓಡಿಸ್ಬಹುದು ನೀವು?"

ಇಬ್ಬರೂ ಮೀಟರನ್ನು ನೋಡಿದರು. ಅಷ್ಟರಲ್ಲಿ ಲಾರಿ ಒಂದು ದೊಡ್ಡ ಗುಂಡಿಗೆ ದಡಾರೆಂದು ಇಳಿಯಿತು. ಎಂಟು ಗಡಗಡ ನಡುಗಿತು. ಗಂಡ ಹೆಂಡತಿ ಒಟ್ಟಿಗೇ ಕೈ ಚಾಚಿ ಮೀಟರಿನ ಗಾಜನ್ನು ಅದುಮಿ ಹಿಡಿದರು.