ಹಾಯಿದೋಣಿಗೆ ಎ.ಸಿ. ಹಾಕಿಸಿದ ಪ್ರಸಂಗ

ಮೂವತ್ತೆರಡು ವರ್ಷ ಹೆಡ್‌ಮಾಸ್ಟರನಾಗಿ ಇಡೀ ಶಾಲೆಯನ್ನು ಗಡಗಡ ನಡುಗಿಸಿದವನು ನಾನು. ನಿವೃತ್ತಿಯಾದ ಮೇಲೆ ಹಳೆಯ ಹಾಯಿದೋಣಿಯೊಂದನ್ನು ಕೊಂಡು ಊರೂರು ಸುತ್ತುವುದೆಂದು ತೀರ್ಮಾನವಾದಾಗ ಘನಘೋರ ಪ್ರತಿಜ್ಞೆಯೊಂದನ್ನು ಮಾಡಿದೆ: "ಸಮುದ್ರ ಬೇಕಾದರೆ ಬೇಯಲಿ, ನಾನು ಮಲಗುವುದು ಹದಿನೆಂಟು ಡಿಗ್ರಿಯಲ್ಲೇ!"

ನನ್ನ ಹೆಂಡತಿ ಮೀನುಗಾರರ ಮನೆಯ ಮಗಳು, ನೀರಿನ ಮೇಲೇ ಬೆಳೆದವಳು. ಅವಳಿಗೆ ಉರಿದುಹೋಯಿತು.

"ರೀ, ಗಾಳೀಲಿ ಓಡೋ ದೋಣಿಗೆ ಎ.ಸಿ. ಯಾಕ್ರೀ? ಅದಕ್ಕೊಂದು ಜನರೇಟರು ಬೇರೆ! ಕಿಟಕಿ ತೆಗೀರಿ, ಸಾಕು."

"ಎ.ಸಿ. ಇದ್ರೆ ನಾನು. ಇಲ್ದಿದ್ರೆ ನೀನೊಬ್ಬಳೇ ಹೋಗು."

"ಒಬ್ಬಳೇನಾ? ನಂಗೇನೂ ಬೇಜಾರಿಲ್ಲ!"

ಆದರೂ ಗೆದ್ದವನು ನಾನೇ. ಎರಡನ್ನೂ ಕೂರಿಸಿದ ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತಾ, "ಸಾರ್, ಇದರ ಹಳೇ ಓನರು, ಆ ಕ್ಯಾಪ್ಟನ್ನು, ದೋಣಿಗೆ ಒಂದು ಫ್ಯಾನು ಹಾಕೋಕೂ ಬಿಡ್ತಿರ್ಲಿಲ್ಲ. ಪಾಪ, ಈ ಮಂಚದ ಮೇಲೇ ಹೋಗ್ಬಿಟ್ರು" ಎಂದ. ನಾನು ನಕ್ಕೆ. ಮಂಚ ನನ್ನ ಪಾಲಿಗೆ ಬಂದಿತ್ತು.

ಬಂದರಿನ ಹೊರಗೆ ಲಂಗರು ಹಾಕಿ ನಿಂತಿದ್ದ ಒಂದು ಮಧ್ಯಾಹ್ನ ಹೆಂಡತಿ ತರಕಾರಿ ತರಲು ಪುಟ್ಟ ದೋಣಿಯಲ್ಲಿ ದಡಕ್ಕೆ ಹೊರಟಳು.

"ಲಂಗರಿನ ಮೇಲೆ ಒಂದು ಕಣ್ಣಿಟ್ಟಿರಿ."

"ಎರಡೂ ಇಡ್ತೀನಿ, ಹೋಗು!"

ಅವಳು ಆ ಕಡೆ ಹೋದದ್ದೇ ತಡ, ಎರಡೂ ಕಣ್ಣು ಮುಚ್ಚಿದೆ. ಕಿಟಕಿ, ಬಾಗಿಲು, ಪರದೆ ಎಲ್ಲಾ ಬಂದ್! ಜನರೇಟರು ಆನ್!

ಎಚ್ಚರವಾದದ್ದು ಒಂದು ಸದ್ದಿಗೆ. ದೋಣಿಯ ತಳದಲ್ಲಿ, ಸರಿಯಾಗಿ ನನ್ನ ಬೆನ್ನ ಕೆಳಗೆ, ಯಾರೋ ಸರಪಳಿ ಎಳೆದುಕೊಂಡು ನಡೆಯುತ್ತಿದ್ದರು. ಗರ್ರ್... ನಿಲ್ಲುತ್ತಿತ್ತು. ಮತ್ತೆ ಗರ್ರ್...

ಕ್ಯಾಪ್ಟನ್!

ಬುದ್ಧಿ ಇದ್ದವನು ಹೊರಗೆ ಹೋಗಿ ನೋಡುತ್ತಿದ್ದ. ನಾನು ಎ.ಸಿ.ಯನ್ನು ಜೋರು ಮಾಡಿದೆ! ಅದರ ಗದ್ದಲದಲ್ಲಿ ದೆವ್ವದ ಸದ್ದು ಅಡಗಿತು. ಕಂಬಳಿ ಮುಸುಕೆಳೆದುಕೊಂಡೆ.

ಸ್ವಲ್ಪ ಹೊತ್ತಿಗೆ ಜನರೇಟರು ಎರಡು ಸಲ ಕೆಮ್ಮಿ ನಿಂತಿತು. ಡೀಸೆಲ್ ಖಾಲಿ! ಅಂಥ ಮೌನವನ್ನು ನಾನು ಪರೀಕ್ಷೆಯ ಕೋಣೆಯಲ್ಲೂ ಕಂಡಿರಲಿಲ್ಲ. ಮೆಲ್ಲಗೆ ಬಾಗಿಲು ಸರಿಸಿದೆ.

ಬಂದರು ಇರಲಿಲ್ಲ. ದಡ, ದೀಪಸ್ತಂಭ, ಅಕ್ಕಪಕ್ಕದ ದೋಣಿಗಳು, ಆಕಾಶ, ಯಾವುದೂ ಇರಲಿಲ್ಲ. ಎಲ್ಲೆಲ್ಲೂ ಬಿಳಿ ಮಂಜು. ಕೈ ಚಾಚಿದರೆ ನನ್ನ ಬೆರಳೇ ನನಗೆ ಕಾಣಲಿಲ್ಲ. ಮಲಗಿದ್ದಲ್ಲೇ ಸತ್ತುಹೋಗಿದ್ದೇನೆ, ಅದೂ ಹೆಂಡತಿಗೆ ಒಂದು ಮಾತೂ ಹೇಳದೆ, ಅನ್ನಿಸಿತು.

ಆಗ ದೋಣಿಯ ಪಕ್ಕಕ್ಕೆ ಯಾರೋ ತಟ್ಟಿದರು. ಟಕ್.

"ಯಾ... ಯಾರು?"

ಮಂಜಿನೊಳಗೆ ಬರೀ ಏದುಸಿರು.

ಮೊಣಕಾಲೂರಿದೆ. "ಕ್ಯಾಪ್ಟನ್ ಸಾರ್, ತಪ್ಪಾಯ್ತು! ಎ.ಸಿ. ತೆಗೆಸ್ತೀನಿ!"

ಟಕ್.

"ಜನರೇಟರೂ ತೆಗೆಸ್ತೀನಿ!"

ಟಕ್.

ಇನ್ನೂ ಸಾಲದೇ? "ದಿನಾ ಪಾತ್ರೆ ತೊಳೀತೀನಿ! ನನ್ನ ಹೆಂಡತಿ ದುರ್ಬೀನು ಗಾಳಿಗೆ ನೀರಿಗೆ ಬೀಳ್ಲಿಲ್ಲ ಸಾರ್, ನಾನೇ ಬೀಳಿಸಿದ್ದು!"

ಟಕ್. ಟಕ್.

"ನಮ್ಮತ್ತೆ ಬಂದು ಒಂದು ತಿಂಗಳು ಇರ್ತೀನಿ ಅಂತ ಕಾಗದ ಬರೆದಿದ್ರು ಸಾರ್! ಅದನ್ನ ನಾನೇ ಬಚ್ಚಿಟ್ಟೆ!"

ತಟ್ಟುವುದು ನಿಂತಿತು. ಮಂಜಿನೊಳಗಿಂದ ಒಂದು ಕೈ ಮೇಲೆ ಬಂದು ಕಂಬಿ ಹಿಡಿಯಿತು. ಆ ಕೈಯಲ್ಲಿ ತರಕಾರಿ ಚೀಲ ನೇತಾಡುತ್ತಿತ್ತು! ಹಿಂದೆಯೇ ನನ್ನ ಹೆಂಡತಿ ಹತ್ತಿ ಬಂದಳು.

"ಲಂಗರು ಜಾರಿ, ಸರಪಳಿ ಎಳ್ಕೊಂಡು ಅರ್ಧ ಮೈಲಿ ಬಂದಿದೆ ದೋಣಿ! ಕೂಗಿ ಕೂಗಿ ಸಾಕಾಯ್ತು, ನಿಮ್ಮ ಎ.ಸಿ. ಗಲಾಟೇಲಿ ಎಲ್ಲಿ ಕೇಳ್ಸುತ್ತೆ? ಬಂಡೆಗೆ ಬಡಿಯೋ ಮೊದ್ಲೇ ಲಂಗರು ಮತ್ತೆ ಕಚ್ಕೊಂಡಿದ್ದು ನಮ್ಮ ಪುಣ್ಯ."

"ಈ ಮಂಜಲ್ಲಿ ದಾರಿ ಹೇಗೆ ಗೊತ್ತಾಯ್ತೇ?"

"ಜನರೇಟರ್ ಸದ್ದು ಹಿಡ್ಕೊಂಡು ಬಂದೆ."

"ನೋಡಿದ್ಯಾ! ಉಪಯೋಗಕ್ಕೆ ಬಂತಲ್ಲ!"

"ಹ್ಞೂಂ. ಅದು ಕೈ ಕೊಟ್ಟ ಮೇಲೆ ನಿಮ್ಮ ಹಲ್ಲು ಕಟಕಟ ಅನ್ನೋದು ಕೇಳಿಸ್ತು."

"ಮತ್ತೆ ಆ ಟಕ್ ಟಕ್?"

"ಮೊದಲ ಸಲ ನನ್ನ ಹುಟ್ಟುಗೋಲು ತಾಗಿತು."

"ಆಮೇಲೆ? ಯಾರು ಅಂದಾಗ 'ನಾನೇ ಕಣ್ರೀ' ಅನ್ನಬಾರ್ದಿತ್ತಾ?"

"ಅನ್ನೋಣ ಅಂತಲೇ ಇದ್ದೆ, ಉಸಿರು ಬರ್ಲಿಲ್ಲ. ಉಸಿರು ಬರೋ ಹೊತ್ತಿಗೆ ನೀವು ಒಂದೊಂದಾಗಿ ಒಪ್ಕೊಳ್ತಾ ಇದ್ರಿ. ಮಧ್ಯೆ ಬಾಯಿ ಹಾಕೋದು ಯಾಕೆ ಅಂತ ಸುಮ್ನೆ ತಟ್ತಾ ಕೂತೆ" ಎಂದು ಅವಳು ತರಕಾರಿ ಚೀಲವನ್ನು ನನ್ನ ಕೈಗಿಟ್ಟಳು. "ಅಮ್ಮನ ಕಾಗದ ಎಲ್ರೀ?"