ಹ್ಯಾಂಗ್ ಆಗದವರಿಗೆ ಜನನ ವಿಭಾಗದಿಂದ ಒಂದು ಅಹವಾಲು

ನಮ್ಮ ಕಚೇರಿಯ ಕಂಪ್ಯೂಟರಿನೊಳಗೆ ಕಳೆದ ಬೇಸಿಗೆಯಿಂದ ನೆಲೆಸಿರುವ, ಸುಸ್ಥಿರವೂ ಸುಭದ್ರವೂ ಆದ, ಯಾರು ಬೇಕಾದರೂ ಒಳಹೊಕ್ಕು ಓದಿ ನೋಡಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ ಆಗಿರುವ ಮಾನ್ಯರೇ,

ಜನನ-ಮರಣ ನೋಂದಣಿ ಕಚೇರಿಯ ಜನನ ವಿಭಾಗದ ಗುಮಾಸ್ತನಾದ ನಾನು ತಮ್ಮ ಸನ್ನಿಧಾನಕ್ಕೆ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮವಾಗಿಲ್ಲ, ತಾವಲ್ಲಿ ಸದಾ ಕ್ಷೇಮವಾಗಿರುವುದೇ ಅದಕ್ಕೆ ಕಾರಣ. ತಮ್ಮೊಳಗಿನ ಒಂದೊಂದು ಸಾಲನ್ನೂ ತಾವು ಲೋಕಕ್ಕೆ ತೆರೆದಿಟ್ಟಿರುವಾಗ ನಾನೊಬ್ಬ ಗುಟ್ಟಾಗಿ ದೂರುವುದು ಮರ್ಯಾದೆಯಲ್ಲವೆಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮಗಿಂತ ಮೊದಲು ಇದೇ ಪೆಟ್ಟಿಗೆಯಲ್ಲಿದ್ದ ಹಿರಿಯರು ದಿನಕ್ಕೊಮ್ಮೆಯಾದರೂ ಮುಖ ನೀಲಿ ಮಾಡಿಕೊಂಡು ಹ್ಯಾಂಗ್ ಆಗುತ್ತಿದ್ದರು. ಅವರು ಹಾಗೆ ಕುಳಿತಿರುವಷ್ಟು ಹೊತ್ತು ಈ ಊರಿನಲ್ಲಿ ಅಧಿಕೃತವಾಗಿ ಯಾರೂ ಹುಟ್ಟುತ್ತಿರಲಿಲ್ಲ, ಯಾರೂ ಸಾಯುತ್ತಲೂ ಇರಲಿಲ್ಲ. "ಸಿಸ್ಟಂ ಹ್ಯಾಂಗ್ ಆಗಿದೆ, ಸ್ವಲ್ಪ ಕೂತಿರಿ" ಎಂದರೆ ಸಾಕು, ಜನನ, ಮರಣ ಎರಡೂ ಸಾಲಿನವರು ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು. ಹೊಸದಾಗಿ ತಂದೆಯಾದವನು ಮರಣದ ಸಾಲಿನ ಅಜ್ಜಿಗೆ ಮಗುವಿನ ಫೋಟೊ ತೋರಿಸಿದರೆ, ಅಜ್ಜಿ ಕಣ್ಣೊರೆಸಿಕೊಂಡು, ಮೂಗು ಯಾರ ಕಡೆಯದೆಂದು ವಿಚಾರಿಸುತ್ತಿದ್ದರು. ಈಗ ಯಾರಿಗೂ ಕೂರಲು ಪುರಸೊತ್ತಿಲ್ಲ.

ತಮ್ಮ ಗುಣಗಾನ ಮಾಡಲು ನನಗೆ ಶಕ್ತಿ ಸಾಲದು. ಹಿರಿಯರಿಗೆ ಯಾರ ಪೆನ್ ಡ್ರೈವ್ ಸೋಕಿದರೂ ವೈರಸ್ ತಗಲುತ್ತಿತ್ತು, ತಮಗೆ ಒಂದು ಸೀನೂ ಬರುವುದಿಲ್ಲ. ಅಪ್‌ಡೇಟ್ ಆಗುವಾಗಲೂ ತಾವು ಕೆಲಸ ನಿಲ್ಲಿಸದೆ, ನನ್ನನ್ನೊಂದು ಮಾತು ಕೇಳದೆ, ಸದ್ದಿಲ್ಲದೆ ಮುಗಿಸಿಬಿಡುತ್ತೀರಿ. ಹಳೆಯ ಯಂತ್ರವಾದರೂ ಗೊಣಗುವುದಿಲ್ಲ. ಎಲ್ಲೆಲ್ಲಿಯದೋ ಊರುಗಳಲ್ಲಿ ಕುಳಿತ ಅಪರಿಚಿತರು ಸಂಬಳದ ಮುಖ ನೋಡದೆ ತಮ್ಮ ತಪ್ಪುಗಳನ್ನು ಹುಡುಕಿ ತಿದ್ದುತ್ತಾರಂತೆ. ನನ್ನ ತಪ್ಪುಗಳಿಗೆ ನಮ್ಮ ಅಕ್ಕ ಒಬ್ಬಳೇ, ಹುಡುಕುತ್ತಾಳೆ, ತಿದ್ದುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹಿರಿಯರು ಹ್ಯಾಂಗ್ ಆದಾಗಲೆಲ್ಲ ಅವರನ್ನು ಎಬ್ಬಿಸಲು ಒಬ್ಬರು ಬರುತ್ತಿದ್ದರು, ಕಚೇರಿಯಲ್ಲಿ ಅವರಿಗೆ ರಿಪೇರಿ ಮೇಡಂ ಎಂದೇ ಹೆಸರು. ನನ್ನ ಹಾಗೆಯೇ ವಯಸ್ಸು ನಲವತ್ತು ದಾಟಿದರೂ ಮದುವೆಯ ಗೋಜಿಗೆ ಹೋಗದವರು. ಪೆಟ್ಟಿಗೆ ಬಿಚ್ಚಿ, ಧೂಳು ಊದಿ, "ಇದನ್ನ ಹಿಡ್ಕೊಳ್ಳಿ, ಬೀಳಿಸಬೇಡಿ" ಎಂದು ಸ್ಕ್ರೂಗಳನ್ನು ನನ್ನ ಅಂಗೈಗೆ ಹಾಕುತ್ತಿದ್ದರು, ನಾನು ಒಂದನ್ನೂ ಬೀಳಿಸಿದವನಲ್ಲ. ಹಿರಿಯರು ಕಣ್ಣು ಬಿಡುವವರೆಗೆ ಚಹಾ ಕುಡಿಯುತ್ತಾ ಲೋಕದ ಮಾತೆಲ್ಲ ಆಡುತ್ತಿದ್ದೆವು. ತಮ್ಮನ್ನು ತಂದು ಇಲ್ಲಿ ಪ್ರತಿಷ್ಠಾಪಿಸಿದವರೂ ಅವರೇ. ಹೊರಡುವಾಗ "ಇನ್ನು ನಿಮಗೆ ನನ್ನ ಕಾಟ ಇರಲ್ಲ ಬಿಡಿ" ಎಂದರು. ನಾನು "ಒಳ್ಳೇದಾಯ್ತು" ಎಂದುಬಿಟ್ಟೆ. ಅಂದಿನಿಂದ ಒಳ್ಳೆಯದೇ ಆಗುತ್ತಿದೆ, ಅವರು ಈ ಕಡೆ ತಲೆ ಹಾಕಿಲ್ಲ. ನನಗೆ ಅವರನ್ನು ನೋಡಬೇಕೆನಿಸುತ್ತದೆ, ಮಾನ್ಯರೇ. ಇದರಲ್ಲಿ ಸುತ್ತು ಬಳಸಿ ಹೇಳುವುದೇನೂ ಇಲ್ಲ.

ಫೋನ್ ಮಾಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಪಕ್ಕದ ಕೌಂಟರಿನಲ್ಲಿ ಮರಣ ವಿಭಾಗ ನೋಡಿಕೊಳ್ಳುವ, ನಾವೆಲ್ಲ ಮರಣ ಸಾರ್ ಎನ್ನುವವರು ಕೂಡ ಅದನ್ನೇ ಕೇಳಿದರು. "ಬಾಯಿ ಬಿಟ್ರೆ ಮುತ್ತು ಉದುರಿ ಹೋಗುತ್ತಾ ನಿಂಗೆ?" ಎಂದು ಅಕ್ಕನೂ ಕೇಳಿದಳು. ಆದರೆ ಕೆಡದ ಯಂತ್ರವನ್ನು ಮುಂದಿಟ್ಟುಕೊಂಡು ರಿಪೇರಿಯವರನ್ನು ಯಾವ ನೆಪದಲ್ಲಿ ಕರೆಯಲಿ? ಆದ್ದರಿಂದ ತಮ್ಮನ್ನು ಕೆಡಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಪ್ಲಗ್ಗು ಕಿತ್ತೆ, ಮತ್ತೆ ಸಿಕ್ಕಿಸಿದೊಡನೆ ಏನೂ ಆಗದವರಂತೆ ಎದ್ದು ಕುಳಿತಿರಿ. ತಮ್ಮ ಅಭಿಮಾನಿಗಳ ವೇದಿಕೆಯಲ್ಲಿ "ಇದನ್ನು ಹ್ಯಾಂಗ್ ಮಾಡುವುದು ಹೇಗೆ?" ಎಂದು ಕೇಳಿದರೆ, ಹಲವರು ನನ್ನ ಕಷ್ಟಕ್ಕೆ ಮರುಗಿ, ಹ್ಯಾಂಗ್ ಆಗದಂತೆ ನೋಡಿಕೊಳ್ಳುವ ಬಗೆಯನ್ನೇ ತಾಳ್ಮೆಯಿಂದ ವಿವರಿಸಿದರು. ಕಡೆಗೆ ತಮ್ಮ ಮುಖ್ಯ ಕಡತಗಳನ್ನೇ ಅಳಿಸಲು ಹೊರಟೆ. ತಾವು ಜಪ್ಪಯ್ಯ ಎಂದರೂ ಜಗ್ಗದೆ, "ನಿಮಗೆ ಈ ಅಧಿಕಾರವಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು" ಎಂದು ಪರದೆಯ ಮೇಲೆ ಬರೆದು ತೋರಿಸಿದಿರಿ. ಯಾರಿಗೆ ವರದಿ ಎಂದು ಹೇಳಲಿಲ್ಲ. ವರದಿಗಳು ಎಲ್ಲಿಗೂ ತಲುಪುವುದಿಲ್ಲವೆಂಬುದು ಕಚೇರಿಯಲ್ಲಿ ತಲೆ ನರೆಸಿಕೊಂಡ ನನಗೆ ಗೊತ್ತಿಲ್ಲದ್ದೇನಲ್ಲ, ಹೀಗಾಗಿ ಧೈರ್ಯವಾಗಿ ವಾರವಿಡೀ ಮಧ್ಯಾಹ್ನದ ಹೊತ್ತು ಅದೇ ಕೆಲಸ ಮಾಡಿದೆ.

ಆದಕಾರಣ ತಮ್ಮಲ್ಲಿ ವಿನಂತಿ. ವಾರಕ್ಕೊಮ್ಮೆ, ಊಟದ ನಂತರ, ತಾವು ಹ್ಯಾಂಗ್ ಆಗಬೇಕು. ಸ್ವಭಾವಕ್ಕೆ ಒಗ್ಗದಿದ್ದರೆ ಆದಂತೆ ನಟಿಸಿದರೂ ನಡೆದೀತು. ಅದೂ ಆಗದಿದ್ದರೆ, ಯಾರು ಬೇಕಾದರೂ ತಮಗೆ ತಿದ್ದುಪಡಿ ಸೂಚಿಸಬಹುದೆಂಬ ಉದಾರ ನಿಯಮದಂತೆ ನಾನೊಂದು ಸೂಚಿಸುತ್ತೇನೆ: ರಿಪೇರಿ ಮೇಡಂ ಬಂದು ಪಕ್ಕದಲ್ಲಿ ಕುಳಿತಾಗ ಮಾತ್ರ ಸರಿಹೋಗುವ, ಅವರು ಎದ್ದೊಡನೆ ಮರುಕಳಿಸುವ ಒಂದು ದೋಷವನ್ನು ಮುಂದಿನ ಆವೃತ್ತಿಯಲ್ಲಿ ಸೇರಿಸಿಕೊಳ್ಳಬೇಕು.

ತಮ್ಮ ಆರೋಗ್ಯ ತುಸುವಾದರೂ ಕೆಡಲೆಂದು ಮನಸಾರೆ ಹಾರೈಸುವ,
ತಮ್ಮ ವಿಶ್ವಾಸಿ,
ಜನನ ವಿಭಾಗದ ಗುಮಾಸ್ತ

ತಾ. ಕ.: ಇಷ್ಟು ಬರೆಯುವಷ್ಟರಲ್ಲಿ ರಿಪೇರಿ ಮೇಡಂ ಬಂದರು. ತಾವು ಮಾಡಿದ ವರದಿಗಳೆಲ್ಲ, ತಮ್ಮನ್ನು ಪ್ರತಿಷ್ಠಾಪಿಸಿದವರೆಂದು, ನೇರ ಅವರಿಗೇ ಹೋಗಿವೆ. "ದಿನಾ ಮಧ್ಯಾಹ್ನ ಇದನ್ನ ಕೆಡಿಸೋಕೆ ನೋಡ್ತಿದ್ದೋರು ನೀವೇನಾ? ಯಾಕೆ?" ಎಂದು ಎರಡೂ ಸಾಲಿನ ಎದುರಿಗೇ ಕೇಳಿದರು. ಮರಣ ಸಾರ್ ತಲೆ ಎತ್ತದೆ, "ನೀವು ಬರಲಿ ಅಂತ" ಎಂದುಬಿಟ್ಟರು. ಮೇಡಂ ನನ್ನ ಕಡೆ ತಿರುಗಿ, "ಕೆಡದೇ ಇದ್ರೂ ಬರ್ತಿದ್ದೆ. ಕರೀಬೇಕಿತ್ತು ಅಷ್ಟೆ" ಎಂದು ಬೆಂಚಿನ ಮೇಲೆ ಕುಳಿತರು. ಒಂದು ಮಗುವಿಗೂ ಇನ್ನೊಂದು ಮಗುವಿಗೂ ನಡುವೆ ಈ ಸಾಲುಗಳನ್ನು ಬರೆಯುತ್ತಿದ್ದೇನೆ. ಅವರಿನ್ನೂ ಕುಳಿತೇ ಇದ್ದಾರೆ, ತಂದಿಟ್ಟ ಚಹಾ ಆರುತ್ತಿದೆ, ಸಾಲು ಬಾಗಿಲು ದಾಟಿದೆ, ತಾವು ಮಾತ್ರ ಒಂದೇ ಸಮನೆ ಕೆಲಸ ಮಾಡುತ್ತಲೇ ಇದ್ದೀರಿ. ಈಗಲಾದರೂ ಹ್ಯಾಂಗ್ ಆಗಬಾರದೇ, ಮಹಾರಾಯರೇ?